ಡಬ್ಬದ ಹಿಂಬದಿಯ ಸಣ್ಣಕ್ಷರಗಳು: ಡೀಸೆಲ್ ಕಾರಿಗೆ ಇಂಜಿನ್ ಆಯಿಲ್ ಆರಿಸುವಾಗ

ಡೀಸೆಲ್ ಕಾರಿಗೆ ಯಾವ ಇಂಜಿನ್ ಆಯಿಲ್ ಹಾಕಿಸುವುದು ಒಳ್ಳೆಯದು ಎಂದು ಯಾರನ್ನೇ ಕೇಳಿದರೂ ಒಂದು ಕಂಪನಿಯ ಹೆಸರೋ ಅಥವಾ '5ಡಬ್ಲ್ಯು-30' ಎಂಬಂತಹ ಸಂಖ್ಯೆಯೋ ಉತ್ತರವಾಗಿ ಬರುತ್ತದೆ. ಇವೆರಡೂ ಡಬ್ಬದ ಮುಂಭಾಗದಲ್ಲಿ ದೊಡ್ಡದಾಗಿ ಅಚ್ಚಾಗಿರುವ ಸಂಗತಿಗಳು. ನಮ್ಮ ಮನೆಯಲ್ಲಿರುವುದು ಬಿಎಸ್4 ಕಾಲದ ಸಣ್ಣ ಡೀಸೆಲ್ ಕಾರು, ತಮ್ಮನ ಬಳಿ ಇರುವುದು ಬಿಎಸ್6 ಎಸ್‌ಯುವಿ. ಎರಡರ ಕೈಪಿಡಿಯಲ್ಲೂ 5ಡಬ್ಲ್ಯು-30 ಎಂದೇ ಬರೆದಿದೆ. ಆದರೂ ನಮ್ಮ ಕಾರಿಗೆ ತಂದ ಆಯಿಲನ್ನು ಅವನ ಕಾರಿಗೆ ಹಾಕುವಂತಿಲ್ಲ. ಕಾರಣ ತಿಳಿಯಬೇಕಾದರೆ ಡಬ್ಬವನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕು.

ಮೊದಲು ಸಂಖ್ಯೆಯ ವಿಚಾರ. 'ಡಬ್ಲ್ಯು' ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಸೂಚಿಸುತ್ತದೆ. 5ಡಬ್ಲ್ಯು ದರ್ಜೆಯನ್ನು ಮೈನಸ್ 30 ಡಿಗ್ರಿಯಲ್ಲಿಯೂ 15ಡಬ್ಲ್ಯು ದರ್ಜೆಯನ್ನು ಮೈನಸ್ 20 ಡಿಗ್ರಿಯಲ್ಲಿಯೂ ಪರೀಕ್ಷಿಸುತ್ತಾರೆ. ಕರ್ನಾಟಕದಲ್ಲಿ ಅಂತಹ ಚಳಿ ಎಲ್ಲಿಯೂ ಇಲ್ಲದ ಕಾರಣ 15ಡಬ್ಲ್ಯು ಸಾಕೆಂಬ ವಾದವಿದೆ, ಮತ್ತು ಅದು ಅರ್ಧ ಸರಿ. ಆದರೆ ಬೆಂಗಳೂರಿನ ಡಿಸೆಂಬರ್ ಬೆಳಗಿನ ಹದಿನೈದು ಡಿಗ್ರಿಯಲ್ಲಿಯೂ 15ಡಬ್ಲ್ಯು-40 ಆಯಿಲ್ 5ಡಬ್ಲ್ಯು-40ಕ್ಕಿಂತ ಮಂದವಾಗಿಯೇ ಇರುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊದ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನದ) ದಂಡ ನಿಂತಿರುವುದು ಆಯಿಲಿನ ತೆಳುವಾದ ಪದರದ ಮೇಲೆ. ಅಲ್ಲಿಗೆ ಆಯಿಲ್ ಬೇಗ ತಲುಪಿದಷ್ಟೂ ಲಾಭ.

ಎರಡನೆಯ ಅಂಕಿ ನೂರು ಡಿಗ್ರಿಯಲ್ಲಿ ಅಳೆದ ಸ್ನಿಗ್ಧತೆಗೆ, ಎಂದರೆ ಆಯಿಲಿನ ಮಂದತನಕ್ಕೆ, ಸಂಬಂಧಿಸಿದ್ದು. 30ರ ದರ್ಜೆಯ ವ್ಯಾಪ್ತಿ 9.3ರಿಂದ 12.5 ಸೆಂಟಿಸ್ಟೋಕ್ಸ್‌ವರೆಗೆ ಇದ್ದರೆ, 40ರದು ಅಲ್ಲಿಂದ 16.3ರವರೆಗೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಮಂದವಾದ ಆಯಿಲೇ ಬೇಕೆಂದು ಅನೇಕ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಆದರೆ ಚಾಲನೆಯಲ್ಲಿರುವ ಇಂಜಿನ್ನಿನ ಉಷ್ಣತೆಯನ್ನು ಕೂಲೆಂಟ್ ಮತ್ತು ಥರ್ಮೋಸ್ಟಾಟ್ ಹದದಲ್ಲಿಡುವುದರಿಂದ, ಹೊರಗಿನ ಬಿಸಿಲಿಗಿಂತ ತುಂಬಿದ ಕಾರನ್ನು ಶಿರಾಡಿ ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಹತ್ತಿಸುವುದೇ ಆಯಿಲಿಗೆ ಹೆಚ್ಚಿನ ಪರೀಕ್ಷೆ. ಕೈಪಿಡಿಯು 30 ಮತ್ತು 40 ಎರಡಕ್ಕೂ ಅವಕಾಶ ಕೊಟ್ಟಿದ್ದರೆ, ಹೆಚ್ಚು ಓಡಿದ ಇಂಜಿನ್ನಿಗೆ ನಾನು 40ನ್ನೇ ಆರಿಸುತ್ತೇನೆ. 30 ಮಾತ್ರ ಎಂದಿದ್ದರೆ ಊರಿನ ಬಿಸಿಲಿನ ನೆಪದಲ್ಲಿ ಅದನ್ನು ಬದಲಿಸುವುದಿಲ್ಲ.

ನಮ್ಮ ಕಾರಿಗೂ ತಮ್ಮನ ಕಾರಿಗೂ ಇರುವ ವ್ಯತ್ಯಾಸದ ಮೂಲ ಬೂದಿಯಲ್ಲಿದೆ. ಇಂಜಿನ್ನಿನ ಒಳಭಾಗವನ್ನು ಸ್ವಚ್ಛವಾಗಿಡಲು ಮತ್ತು ಆಮ್ಲವನ್ನು ತಟಸ್ಥಗೊಳಿಸಲು ಆಯಿಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಂಯುಕ್ತಗಳನ್ನೂ, ಸವೆತ ತಡೆಯಲು ಸತು ಮತ್ತು ರಂಜಕದ ಸಂಯುಕ್ತವನ್ನೂ ಬೆರೆಸಿರುತ್ತಾರೆ. ಪ್ರತಿ ಇಂಜಿನ್ನಿನಲ್ಲೂ ಸ್ವಲ್ಪ ಆಯಿಲ್ ಸಿಲಿಂಡರಿನೊಳಗೆ ಸೇರಿ ಉರಿಯುತ್ತದೆ. ಈ ಲೋಹಗಳು ಮಾತ್ರ ಪೂರ್ತಿ ಉರಿಯದೆ ಬೂದಿಯಾಗಿ ಹೊಗೆಯೊಂದಿಗೆ ಹೊರಡುತ್ತವೆ. ಹಳೆಯ ಕಾರಿನಲ್ಲಿ ಆ ಬೂದಿ ಸೈಲೆನ್ಸರ್ ದಾಟಿ ಹೋಗುತ್ತಿತ್ತು. 2020ರ ಏಪ್ರಿಲ್ 1ರಂದು ಬಿಎಸ್6 ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಜರಡಿಯೊಂದು, ಎಂದರೆ ಡಿಪಿಎಫ್, ಬಂದು ಕುಳಿತಿದೆ. ಅದರಲ್ಲಿ ಸೇರಿದ ಮಸಿಯನ್ನು ಕಾರು ತಾನೇ ಸುಮಾರು 600 ಡಿಗ್ರಿಯ ಶಾಖದಲ್ಲಿ ಸುಟ್ಟು ತೆಗೆಯುತ್ತದೆ. ಬೂದಿಯನ್ನು ಹಾಗೆ ಸುಡಲು ಬರುವುದಿಲ್ಲವಾದ್ದರಿಂದ ಅದು ವರ್ಷದಿಂದ ವರ್ಷಕ್ಕೆ ತುಂಬುತ್ತ ಹೋಗುತ್ತದೆ. ಜರಡಿ ಬದಲಿಸುವ ವೆಚ್ಚದ ಮುಂದೆ ಆಯಿಲಿನಲ್ಲಿ ಉಳಿಸಿದ ಹಣ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಡಿಪಿಎಫ್ ಇರುವ ಕಾರಿಗೆ ಹಿಂಬದಿಯಲ್ಲಿ 'ಎಸಿಇಎ ಸಿ2' ಅಥವಾ 'ಸಿ3' ಎಂಬ ಗುರುತು, ಕೈಪಿಡಿಯಲ್ಲಿ ಯಾವುದಿದೆಯೋ ಅದು, ಇರಲೇಬೇಕು. ಈ ಯುರೋಪಿನ ಮಾನದಂಡಗಳಲ್ಲಿ ಬೂದಿಯ ಗರಿಷ್ಠ ಮಿತಿ ಶೇಕಡಾ 0.8, ಹಳೆಯ ಕಾರುಗಳಿಗೆ ಸಲ್ಲುವ 'ಎ3/ಬಿ4'ರಲ್ಲಿ ಅದು 1.6ರವರೆಗೆ ಹೋಗಬಹುದು. ಸಿ2 ಮತ್ತು ಸಿ3 ಕೂಡ ಒಂದೇ ಅಲ್ಲ. ನೂರೈವತ್ತು ಡಿಗ್ರಿಯಲ್ಲಿ, ಬಿಗಿಯಾದ ಉಜ್ಜಾಟದ ನಡುವೆ ಅಳೆದ ಸ್ನಿಗ್ಧತೆ ಸಿ3ರಲ್ಲಿ ಕನಿಷ್ಠ 3.5 ಇರಬೇಕು, ಸಿ2ಕ್ಕೆ 2.9 ಸಾಕು. ಹೀಗಾಗಿ ಎರಡು ಡಬ್ಬಗಳ ಮೇಲೆ ಒಂದೇ 5ಡಬ್ಲ್ಯು-30 ಇದ್ದರೂ ಘಾಟಿ ಹತ್ತುವಾಗ ಬೇರಿಂಗಿನಲ್ಲಿ ಉಳಿಯುವ ಪದರದ ದಪ್ಪ ಬೇರೆ ಬೇರೆಯಾಗಿರುತ್ತದೆ. ಲಾರಿಗಳಿಗೆಂದು ಮಾರುವ 15ಡಬ್ಲ್ಯು-40, ಎಪಿಐ ಸಿಐ-4 (ಇದು ಅಮೆರಿಕದ ಮಾನದಂಡ) ಆಯಿಲ್ ಅಗ್ಗವೂ ಗಟ್ಟಿಮುಟ್ಟೂ ಹೌದು. ಆದರೆ ಆ ದರ್ಜೆಯಲ್ಲಿ ಬೂದಿಗೆ ಮಿತಿಯನ್ನೇ ಇಟ್ಟಿಲ್ಲವಾದ್ದರಿಂದ ಬಿಎಸ್6 ಕಾರಿನ ಹತ್ತಿರಕ್ಕೂ ಅದನ್ನು ತರಬಾರದು.

ತಿರುವುಮುರುವಾಗಿ, ಹಳೆಯ ಬಿಎಸ್4 ಕಾರಿಗೆ ಸಿ3 ಹಾಕಬಹುದೇ? ಡೀಸೆಲಿನಲ್ಲಿ ಗಂಧಕ ಬಿಎಸ್3ರ ಕಾಲದಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಇತ್ತು, ಬಿಎಸ್4ರಲ್ಲಿ 50ಕ್ಕೆ ಇಳಿಯಿತು, ಈಗ 10. ಗಂಧಕ ಕಡಿಮೆಯಾದಂತೆ ಆಮ್ಲವೂ ಕಡಿಮೆಯಾಗುವುದರಿಂದ, ಅದನ್ನು ತಟಸ್ಥಗೊಳಿಸುವ ಅಂಶ ಸ್ವಲ್ಪ ಕಡಿಮೆಯಿರುವ ಸಿ3 ಆಯಿಲ್, ಕೈಪಿಡಿ ಬೇಡವೆನ್ನದಿದ್ದರೆ ಮತ್ತು ಬದಲಾವಣೆಯ ಅವಧಿಯನ್ನು ಹಿಗ್ಗಿಸದಿದ್ದರೆ, ಅಲ್ಲಿಯೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಲವು ತಯಾರಕರು ಇದರ ಮೇಲೆ ತಮ್ಮದೇ ಸಂಕೇತವನ್ನೂ ಕೇಳುತ್ತಾರೆ: ಫೋಕ್ಸ್‌ವ್ಯಾಗನ್ 507 00, ಮರ್ಸಿಡಿಸ್ 229.51, ಫೋರ್ಡ್‌ನ 913-ಡಿ ಮೊದಲಾದವು. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ ಅದರ ಡೀಸೆಲ್ ಕಾರುಗಳನ್ನು ಹೊರಗಿನ ಗ್ಯಾರೇಜುಗಳಲ್ಲಿ ನೋಡಿಸಿಕೊಳ್ಳುವವರಿಗೆ ಈ ಸಂಕೇತವೇ ಆಧಾರ. ಡಬ್ಬದ ಮೇಲೆ 'ಅನುಮೋದನೆ ಪಡೆದಿದೆ' ಎಂದಿದ್ದರೆ ಕಾರು ತಯಾರಕರು ಪರಿಶೀಲಿಸಿ ಒಪ್ಪಿದ್ದಾರೆಂದು ಅರ್ಥ. 'ಬಳಸಲು ಸೂಕ್ತ' ಎನ್ನುವುದು ಆಯಿಲ್ ಕಂಪನಿಯ ಸ್ವಂತ ಮಾತು. 'ಫುಲ್ ಸಿಂಥೆಟಿಕ್' ಎಂಬುದಂತೂ ಮಾನದಂಡವೇ ಅಲ್ಲ, ಹೆಚ್ಚಿನ ಬೆಲೆಗೆ ಕೊಡುವ ಸಮಜಾಯಿಷಿ ಎಂದರೂ ತಪ್ಪಿಲ್ಲ.

ಸರಿಯಾದ ಆಯಿಲನ್ನೂ ನಗರದ ಓಡಾಟ ಕೆಡಿಸಬಲ್ಲದು. ಅನೇಕ ಕಾರುಗಳು ಜರಡಿಯ ಮಸಿ ಸುಡಲು ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತವೆ. ಹೊರ ವರ್ತುಲ ರಸ್ತೆಯ ದಟ್ಟಣೆಯಲ್ಲಿ ನಾಲ್ಕೈದು ಕಿಲೋಮೀಟರ್ ತೆವಳಿ ಇಂಜಿನ್ ಆರಿಸಿಬಿಡುವವರ ಕಾರಿನಲ್ಲಿ ಈ ಸುಡುವಿಕೆ ಮತ್ತೆ ಮತ್ತೆ ಅರ್ಧಕ್ಕೇ ನಿಂತು, ಉಳಿದ ಡೀಸೆಲಿನ ಒಂದು ಪಾಲು ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲಿಗೆ ಬೆರೆಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಕಿಲೋಮೀಟರ್ ಎಷ್ಟೇ ಆಗಿರಲಿ ಆಯಿಲ್ ಬದಲಿಸಬೇಕು. ಮೇಲಿನ ಗೆರೆ ದಾಟಿದ ಆಯಿಲ್ ಬ್ರೀದರ್ (ಇಂಜಿನ್ನಿನ ಒಳಗಿನ ಆವಿ ಹೊರಡುವ ಕೊಳವೆ) ಮೂಲಕ ಇಂಜಿನ್ನಿನೊಳಗೆ ಎಳೆಯಲ್ಪಟ್ಟು ಇಂಧನದಂತೆ ಉರಿಯಲಾರಂಭಿಸಿದರೆ ಕೀಲಿ ತಿರುಗಿಸಿದರೂ ಇಂಜಿನ್ ನಿಲ್ಲದಿರುವ ಅಪಾಯವುಂಟು. ಬಣ್ಣ ಕಪ್ಪಾದುದಕ್ಕೆ ಮಾತ್ರ ಹೆದರಬೇಕಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ.

ನಗರದಲ್ಲೇ ಓಡುವ ಕಾರಿನ ಇಂಜಿನ್ ಮೀಟರ್ ತೋರಿಸುವುದಕ್ಕಿಂತ ಹೆಚ್ಚು ದುಡಿದಿರುವುದರಿಂದ, ಹತ್ತು ಸಾವಿರ ಕಿಲೋಮೀಟರ್ ಎಂದಿರುವಲ್ಲಿ ಏಳೆಂಟು ಸಾವಿರಕ್ಕೇ, ಫಿಲ್ಟರ್ ಸಮೇತ, ಬದಲಿಸುವುದು ಲೇಸು. ಗ್ಯಾರೇಜಿನಲ್ಲಿ ಡ್ರಮ್ಮಿನಿಂದ ಸುರಿಯುವ ಆಯಿಲಾದರೆ ಅದರ ದರ್ಜೆ ಮತ್ತು ಮಾನದಂಡವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿಯ ವ್ಯಾಜ್ಯ ಬಂದಾಗ '5ಡಬ್ಲ್ಯು-30, 4 ಲೀಟರ್' ಎಂಬ ಸಾಲಿಗಿಂತ 'ಎಸಿಇಎ ಸಿ3' ಎಂದೂ ಸೇರಿಸಿದ ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.