ಮೂರನೇ ದಿನದ ತೂಕ ನೋಡಿ ಬಾಣಂತಿಯನ್ನು ಹೆದರಿಸಬೇಡಿ

ತಂಗಿಗೆ ಹೆಣ್ಣು ಮಗು. ಹುಟ್ಟಿದಾಗ 2.9 ಕೆಜಿ ಇತ್ತು, ಮೂರನೇ ದಿನ ಮನೆಗೆ ಕಳಿಸುವ ಮುಂಚೆ ತೂಗಿದರೆ 2.7. ಅಷ್ಟೇ ಸಾಕಾಯ್ತು, ನೋಡಲು ಬಂದವರೆಲ್ಲ ‘ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಶುರು ಮಾಡಿ’ ಅನ್ನುವವರೇ. ಹೊಲಿಗೆಯ ನೋವಲ್ಲಿ ಮಲಗಿದ್ದ ಅವಳು ಅತ್ತೂ ಅತ್ತೂ ಸುಸ್ತಾದಳು. ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲ ಕೆಲವು ದಿನ ಮಗುವಿನ ತೂಕ ಇಳಿಯುವುದು ಸಹಜ. ಮೈಯಲ್ಲಿದ್ದ ಹೆಚ್ಚುವರಿ ನೀರು ಹೋಗುತ್ತದೆ, ಆ ಕಪ್ಪನೆಯ ಅಂಟು ಮಲ ಹೋಗುತ್ತದೆ, ಗಿಣ್ಣುಹಾಲು ಬರುವುದೂ ಚಮಚದ ಲೆಕ್ಕದಲ್ಲೇ, ಆ ಪುಟ್ಟ ಹೊಟ್ಟೆಗೆ ಆಗ ಬೇಕಿರುವುದೂ ಅಷ್ಟೇ. ಶೇಕಡ 7ರವರೆಗೆ ಇಳಿದರೆ ಸಾಮಾನ್ಯವಾಗಿ ಗಾಬರಿ ಬೇಡ. 10 ದಾಟಿತು ಅಂದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ, ಮಗು ಮೊಲೆ ಸರಿಯಾಗಿ ಹಿಡಿಯುತ್ತಿದೆಯಾ ಅಂತ ಅವರು ಎದುರಿಗೇ ನೋಡಲಿ.

ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತದೆ. ಹಾಗಂತ ದಿನಾ ತೂಗಬೇಡಿ! ಒಂದು ಸಲ ಹಾಲು ಕುಡಿದರೂ, ಒಂದು ಸಲ ಉಚ್ಚೆ ಹೊಯ್ದರೂ ಅಷ್ಟು ವ್ಯತ್ಯಾಸ ಬಂದೇಬರುತ್ತದೆ. ತೂಗುವಾಗ ಬಟ್ಟೆ, ಡೈಪರ್, ಕಾಲ್ಗೆಜ್ಜೆ ಎಲ್ಲ ತೆಗೆದು, ತಕ್ಕಡಿ ಸೊನ್ನೆಯಲ್ಲಿದೆಯಾ ನೋಡಿ, ಆದಷ್ಟು ಪ್ರತಿಸಲ ಅದೇ ತಕ್ಕಡಿಯಲ್ಲೇ ತೂಗಿಸಿ. ಮನೆಯಲ್ಲಿ ಮಗುವನ್ನು ಎತ್ತಿಕೊಂಡು ದೊಡ್ಡವರ ತಕ್ಕಡಿ ಹತ್ತುವ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ದಿನನಿತ್ಯದ ಲೆಕ್ಕ ಬೇಕಾದರೆ ಒದ್ದೆ ಬಟ್ಟೆ ಎಣಿಸಿ. ಐದಾರು ದಿನ ಕಳೆದ ಮೇಲೆ 24 ಗಂಟೆಯಲ್ಲಿ ಆರಕ್ಕಿಂತ ಕಡಿಮೆ ಆದರೆ, ಅಥವಾ ಮಗು ಹಾಲಿಗೂ ಏಳದೆ ಮಂಪರಲ್ಲೇ ಇದ್ದರೆ, ನಾಳೆಗೆ ಅಂತ ಕಾಯಬೇಡಿ.

ಪಕ್ಕದ ಮನೆ ಮಗುವಿನ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ತಾಯಿ ಕಾರ್ಡಿನ ಬೆಳವಣಿಗೆ ಗೆರೆ ಇರುವುದೇ ಅದಕ್ಕೆ. ಅದರ ಹಿಂದಿರುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಅಳತೆ, ಅದಕ್ಕಾಗಿ ಆರು ದೇಶಗಳ ಎದೆಹಾಲು ಕುಡಿದ ಮಕ್ಕಳನ್ನು ಅಳೆದಿದ್ದರು, ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಮಗು ಸಣ್ಣದಿದ್ದರೂ ತನ್ನ ಗೆರೆ ಹಿಡಿದು ಮೇಲೇರುತ್ತಿದ್ದರೆ ಒಳ್ಳೆಯದೇ. ಗೆರೆ ಅಡ್ಡಡ್ಡ ಹೋಗುತ್ತಿದ್ದರೆ ಕೇಳಬೇಕು. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳ ಲೆಕ್ಕ ಬೇರೆ, ಅದನ್ನು ಮಕ್ಕಳ ಡಾಕ್ಟರೇ ಹೇಳಬೇಕು.

‘ತೂಕ ಹೇಳಿದರೆ ದೃಷ್ಟಿಯಾಗುತ್ತೆ’ ಅನ್ನುವ ಅಜ್ಜಿಯರು ನಮ್ಮಲ್ಲೂ ಇದ್ದಾರೆ. ನೆಂಟರಿಗೆ ಹೇಳಬೇಡಿ, ಸರಿ. ಆದರೆ ಆಶಾ ಕಾರ್ಯಕರ್ತೆ 3, 7, 14ನೇ ದಿನ ಅಂತ ಮನೆಗೆ ಬಂದಾಗ ತೂಗಿಸಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ.