ಸುತ್ತಮುತ್ತ ಬೆಳೆದದ್ದೇ ಊಟ

ತುಮಕೂರು ಸೀಮೆಯಲ್ಲಿ ಬೆಳೆದದ್ದರಲ್ಲೇ ಅಡುಗೆ ಅಂತ ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ರಾಗಿ, ಹುರುಳಿ, ಅವರೆ, ಕಡಲೇಕಾಯಿ, ತೆಂಗು, ಹುಣಸೆ ಇದ್ದ ಮೇಲೆ ಕೊರತೆ ಏನು? ಉಪ್ಪು ಮಾತ್ರ ಸಮುದ್ರದಿಂದಲೇ ಬರಬೇಕು, ಗೋಕರ್ಣದ ಹತ್ತಿರದ ಸಾಣಿಕಟ್ಟಾದ್ದು ತರಿಸುತ್ತೇವೆ. ಅಫ್ಘಾನಿಸ್ತಾನ, ಇರಾನ್ ಕಡೆಯ ಇಂಗು ಬಿಟ್ಟಾಯ್ತು. ಒಗ್ಗರಣೆಗೆ ಬೆಳ್ಳುಳ್ಳಿ ಸಾಕು.

ಕಲಿಯೋದು ಬಹಳ ಇದೆ. ನಮ್ಮತ್ತೆ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಬೆರಕೆ ಸೊಪ್ಪು ಕೊಯ್ಯೋದು ಹೇಳಿಕೊಡ್ತಾರೆ. ಅಣ್ಣೆಸೊಪ್ಪು ಯಾವುದು, ಗೋಣಿಸೊಪ್ಪು ಯಾವುದು, ಯಾವುದನ್ನು ಮುಟ್ಟಬಾರದು. ಆಮೇಲೆ ಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು ಬಸ್ಸಾರು. ಬಸಿದು ಉಳಿದ ಸೊಪ್ಪು, ಕಾಳು ಪಲ್ಯಕ್ಕೆ. ಒಂದು ಹನಿಯೂ ಚೆಲ್ಲೋ ಹಾಗಿಲ್ಲ.

ಈ ಅಡುಗೆ ಹುಟ್ಟಿದ್ದೇ ಹೊಲದಲ್ಲಿ. ರಾಗಿಯ ನಡುವೆ ಅಕ್ಕಡಿ ಸಾಲಿಗೆ, ಅಂದರೆ ಮಿಶ್ರಬೆಳೆಗೆ ಬಿಟ್ಟ ಸಾಲಿಗೆ, ಅವರೆ, ತೊಗರಿ, ಹುಚ್ಚೆಳ್ಳು ಹಾಕೋರು. ಮುದ್ದೆ, ಸಾರು, ಚಟ್ನಿಪುಡಿ ಮೂರೂ ಒಂದೇ ಹೊಲದ್ದು! ಈಗ ಬಹಳ ಕಡೆ ಬರೀ ರಾಗಿ, ಇಲ್ಲಾಂದ್ರೆ ಅಡಿಕೆ. ಕೊಳ್ಳೋ ನಾವು ಹುಚ್ಚೆಳ್ಳು ಕೇಳದಿದ್ದರೆ ರೈತರಾದರೂ ಯಾಕೆ ಬಿತ್ತಬೇಕು? ಸಂತೆಗೆ ಹೋದಾಗ ಒಂದು ಪಾವಾದರೂ ಕೇಳಿ ತಗೊಳ್ಳಿ.