ಮೊದಲು ತೂಕ ಇಳಿಸಿ, ಆಮೇಲೆ ನೋಡೋಣ

ನಾವಿರುವ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾ. 2018ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಬಂದ ಒಂದು ನಿಧನ ವಾರ್ತೆ ಕೆನಡಾದಾಚೆಗೂ ಸುದ್ದಿಯಾಯಿತು. ತೀರಿಕೊಂಡವರು 64 ವರ್ಷದ ಮಹಿಳೆ. ಹುಷಾರಿಲ್ಲ ಎಂದು ವರ್ಷಗಟ್ಟಲೆ ಡಾಕ್ಟರುಗಳ ಬಳಿ ಅಲೆದರೂ ತೂಕ ಇಳಿಸಿ ಎಂಬ ಮಾತು ಬಿಟ್ಟು ಬೇರೇನೂ ಸಿಗಲಿಲ್ಲ. ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಆಪರೇಷನ್ ಮಾಡುವ ಹಂತ ದಾಟಿತ್ತು, ಉಳಿದದ್ದು ಕೆಲವೇ ದಿನ. ದಪ್ಪಗಿರುವ ಹೆಂಗಸರು ತಮ್ಮ ಆರೋಗ್ಯಕ್ಕಾಗಿ ಪಟ್ಟು ಹಿಡಿದು ಕೇಳಬೇಕು ಎಂಬುದು ಅವರ ಕೊನೆಯ ಆಸೆ. ಅದೂ ಅಲ್ಲೇ ಅಚ್ಚಾಗಿತ್ತು.

ಇದೇ ಪ್ರಾಂತ್ಯದ ಸರ್ರೆಯಲ್ಲಿರುವ ಹಾಸನದ ಗೆಳತಿಯೊಬ್ಬಳ ಕತೆ ನೋಡಿದ ಮೇಲೆ ಆ ಸುದ್ದಿ ನನಗೆ ದೂರದ್ದು ಅನಿಸುವುದಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ಇಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗುವುದು ಕಷ್ಟ, ಹಾಗಾಗಿ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬಹುದಾದ ವಾಕ್-ಇನ್ ಕ್ಲಿನಿಕ್ಕೇ ಗತಿ. ಹೋದಾಗೆಲ್ಲ ಹೊಸ ಮುಖ. ಜೊತೆಗೆ ಹೋದ ದಿನ ನಾನೇ ನೋಡಿದೆ: ಬಿಪಿ ಪಟ್ಟಿ ಅವಳ ತೋಳಿಗೆ ಸಾಲದೆ ಟರ್ರನೆ ಬಿಚ್ಚಿಕೊಂಡಿತು. ದೊಡ್ಡದು ತರುವ ಬದಲು ನರ್ಸ್ ಅದನ್ನೇ ಬಿಗಿದು ಅಳೆದರು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆ ಅಂಕಿಯೇ ಫೈಲಿಗೆ ಹೋಯಿತು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಕೂಡ ಇಡದೆ ದಿನಾ ವಾಕಿಂಗ್ ಮಾಡಿ ಎಂದು ಎದ್ದರು.

"ಮತ್ತೆ ಅದನ್ನೇ ಕೇಳಿಸ್ಕೊಳ್ಳೋಕೆ ಯಾಕೆ ಹೋಗ್ಲಿ ಹೇಳೇ?" ಎಂದು ಅವಳು ಹೋಗುವುದನ್ನೇ ಬಿಟ್ಟಳು. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಮುಂದೂಡಿದಳು. ತಡವಾಗಿ, ಬೇರೆ ಕ್ಲಿನಿಕ್ಕಿನ ಯುವ ಡಾಕ್ಟರೊಬ್ಬರು ಮುಟ್ಟಿನ ಬಗ್ಗೆ ವಿಚಾರಿಸಿದರು. ವಿಪರೀತ ರಕ್ತಸ್ರಾವ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ, ಹಿಮೋಗ್ಲೋಬಿನ್ ಬರೀ 7! ಏದುಸಿರಿಗೆ ಕಾರಣ ಈ ರಕ್ತಹೀನತೆ. ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಟ್ಟು, ರಕ್ತಸ್ರಾವಕ್ಕೆ ಚಿಕಿತ್ಸೆ ಮಾಡಿದ ಮೇಲೆ ಉಸಿರಾಟ ಸರಾಗವಾಯಿತು. ತೂಕ ಇದ್ದಷ್ಟೇ ಇತ್ತು.

ತೂಕಕ್ಕೂ ಸಕ್ಕರೆ ಕಾಯಿಲೆಗೂ, ಮಂಡಿ ನೋವಿಗೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ತೂಕ ಕಂಡ ತಕ್ಷಣ ಪರೀಕ್ಷೆ ನಿಲ್ಲಿಸುವುದು ವೈದ್ಯವಲ್ಲ. 2020ರಲ್ಲಿ ಹೊರಬಂದ ಕೆನಡಾದ ಬೊಜ್ಜು ಚಿಕಿತ್ಸಾ ಮಾರ್ಗಸೂಚಿಯೇ ತೂಕದ ಮಾತೆತ್ತುವ ಮೊದಲು ರೋಗಿಯ ಒಪ್ಪಿಗೆ ಕೇಳಿ ಎನ್ನುತ್ತದೆ. ವೈದ್ಯರ ಪೂರ್ವಗ್ರಹವೇ ಆರೋಗ್ಯ ಕೆಡಿಸುತ್ತದೆ ಎಂದೂ ಒಪ್ಪಿಕೊಳ್ಳುತ್ತದೆ. ಕಾಗದದ ಮೇಲಿರುವುದು ಕ್ಲಿನಿಕ್ಕಿನ ಕೋಣೆಗೆ ಬಂದಿಲ್ಲ, ಅಷ್ಟೇ.

ಊರಲ್ಲಿರಲಿ, ಇಲ್ಲಿರಲಿ, ನಿಮ್ಮ ಅಕ್ಕತಂಗಿಯರನ್ನು ಒಂಟಿಯಾಗಿ ಕಳಿಸಬೇಡಿ. ತೋಳಿಗೆ ಸರಿಹೊಂದುವ ಪಟ್ಟಿ ತನ್ನಿ ಅನ್ನಿ. ಇದೇ ತೊಂದರೆಯಿಂದ ಸಣ್ಣಗಿರುವವರು ಬಂದಿದ್ದರೆ ಯಾವ ಟೆಸ್ಟ್ ಬರೆಯುತ್ತಿದ್ದಿರಿ ಎಂದು ನೇರವಾಗಿ ಕೇಳಿ, ಉತ್ತರ ಸಿಗುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.